ಅದೂ ಬರೆಯೋದಾ ಮಿಸ್?

ಹೋದ ಸಂಚಿಕೇಲಿ ಕೊನೇಗೆ ಒಂದೇ ಒಂದು ಸಾಲು ಹಾಕಿದ್ದೆ, ಮಕ್ಕಳಿಗೆ ಮನೇಲಿ ಕನ್ನಡ ಓದು ಬರಹ ಕಲಿಸೋ ಬಗ್ಗೆ ಕೇಳೋದಿದ್ರೆ ಕೇಳಿ ಅಂತ. ಬಂದಿರೋ ಕಾಗದ, ಮೆಸೇಜು ಎಲ್ಲಾ ಸೇರಿ ಒಂದು ಚೀಲ ಆಯ್ತು. ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರೈಮರಿ ಸ್ಕೂಲಲ್ಲಿ ಪಾಠ ಮಾಡಿ ರಿಟೈರ್ ಆದ್ಮೇಲೆ ಇಷ್ಟು ಪೇಪರ್ ಒಟ್ಟಿಗೆ ನೋಡಿದ್ದು ಇದೇ ಮೊದಲು, ಪುಣ್ಯಕ್ಕೆ ಇದಕ್ಕೆ ಮಾರ್ಕ್ಸ್ ಹಾಕ್ಬೇಕಿಲ್ಲ. ಒಂದೇ ಥರದ ಪ್ರಶ್ನೆ ಸುಮಾರಿತ್ತು, ಅವನ್ನ ಒಂದರಲ್ಲೇ ಸೇರಿಸಿದೀನಿ. ಹೆಸರು ಯಾರದ್ದೂ ಹಾಕಿಲ್ಲ.

ಮೇಡಂ, ನನ್ನ ಮಗಳು ಎರಡನೇ ಕ್ಲಾಸು, ಸಿಬಿಎಸ್‌ಇ ಸ್ಕೂಲು, ಕನ್ನಡ ಸೆಕೆಂಡ್ ಲಾಂಗ್ವೇಜ್. ಅ ಆ ಇ ಈ ಇಂದ ಳ ವರೆಗೆ ಗಡಗಡ ಹೇಳ್ತಾಳೆ, ಕಾಪಿನೂ ನೀಟಾಗಿ ಬರೀತಾಳೆ, ಆದ್ರೆ ಅಂಗಡಿ ಬೋರ್ಡ್ ತೋರಿಸಿ ಓದು ಅಂದ್ರೆ ಬಾಯೇ ಬಿಡಲ್ಲ. ದಿನಾ ಎರಡು ಪೇಜ್ ಕಾಗುಣಿತ ಬರೆಸ್ತಿದೀನಿ, ಅಳ್ತಾಳೆ. ಟ್ಯೂಷನ್‌ಗೆ ಹಾಕ್ಲಾ? - ಒಬ್ಬ ಅಮ್ಮ, ಬೆಂಗಳೂರು

ಟ್ಯೂಷನ್ ಬೇಡ, ಮೊದ್ಲು ಆ ಎರಡು ಪೇಜ್ ನಿಲ್ಸಿ. ನಿಮ್ಮ ಮಗಳಿಗೆ ವರ್ಣಮಾಲೆ ಗೊತ್ತಿರೋದು ಶ್ಲೋಕ ಗೊತ್ತಿರೋ ಹಾಗೆ, ರಾಗವಾಗಿ ಬಾಯಿಗೆ ಬರತ್ತೆ, ಮಧ್ಯದಲ್ಲಿ ಒಂದಕ್ಷರ ಕಿತ್ತು ಕೈಗೆ ಕೊಟ್ರೆ ಯಾವ್ದು ಅಂತ ಗೊತ್ತಾಗಲ್ಲ. ಇದು ಅವಳ ತಪ್ಪಲ್ಲ, ನಾವು ಕಲಿಸೋ ಆರ್ಡರ್ ತಪ್ಪು. ಅ ಆ ಇ ಈ ಅನ್ನೋ ಕ್ರಮ ವ್ಯಾಕರಣದವರು ಬಾಯಲ್ಲಿ ಸ್ವರ ಎಲ್ಲಿ ಹುಟ್ಟತ್ತೆ ಅಂತ ನೋಡಿ ಮಾಡಿದ್ದು, ಬಹಳ ಚೆಂದದ ಕ್ರಮ, ಆದ್ರೆ ಆರು ವರ್ಷದ ಮಗುವಿನ ಕೈಗೆ ಅಲ್ಲ. ಈ ಅನ್ನೋ ಅಕ್ಷರ ಎಷ್ಟು ಕಷ್ಟ ಅಂತ ಒಂದ್ಸಲ ನೀವೇ ಎಡಗೈಲಿ ಬರೆದು ನೋಡಿ.

ನಮ್ಮ ಸರ್ಕಾರಿ ಸ್ಕೂಲಲ್ಲಿ ನಲಿ-ಕಲಿ ಅಂತ ಒಂದು ಕಲಿಸೋ ಪದ್ಧತಿ ಇದೆ, 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ ಶುರುವಾಗಿದ್ದು. ಅದ್ರಲ್ಲಿ ಮೊದಲ ಪಾಠವೇ ರ ಗ ಸ ದ ಅ. ಯಾಕೆ ಅಂದ್ರೆ ಇವೆಲ್ಲ ಸುಲಭದ ದುಂಡು, ಮತ್ತೆ ಈ ಐದೇ ಅಕ್ಷರದಲ್ಲಿ ಸರ, ದರ, ಅಗಸ, ಅರಸ, ಗರಗಸ ಅಂತ ಪದಗಳು ಬಂದ್ಬಿಡತ್ತೆ. ಕಲಿತ ದಿನವೇ ಮಗು ಒಂದು ಪದ ಓದತ್ತೆ! ಆಮೇಲೆ ಜ ವ ಮ ಬ ನ ಬರತ್ತೆ, ಆಗ ಮರ, ಬಸವ, ವನಜ, ನಗರ. ಗರಗಸ ಅಂತ ಮೊದಲ ಸಲ ಓದಿದ ಮಕ್ಕಳ ಮುಖ ನಾನು ನೂರಾರು ನೋಡಿದೀನಿ, ಆ ಖುಷಿ ಕಾಗುಣಿತದ ಎರಡು ಪೇಜಲ್ಲಿ ಸಿಗಲ್ಲ ಬಿಡಿ.

ಕಾಗುಣಿತದ ಲೆಕ್ಕ ನೀವೇ ಹಾಕಿ. ವರ್ಣಮಾಲೆ 49, ಅದ್ರಲ್ಲಿ ವ್ಯಂಜನ 34, ಒಂದೊಂದಕ್ಕೆ 15 ರೂಪ ಅಂದ್ರೆ 510. ಇದರ ಮೇಲೆ ಒತ್ತಕ್ಷರ ಬೇರೆ. ಪಕ್ಕದ ಇಂಗ್ಲಿಷ್ ಪೀರಿಯಡ್‌ನಲ್ಲಿ 26 ಕಲಿತು ಮುಗಿಸಿ ಹಾಡು ಹೇಳ್ತಿರೋ ಮಗು ಇಲ್ಲಿಗೆ ಬಂದು ಈ ಗುಡ್ಡ ನೋಡಿ ಅಳದೆ ಇನ್ನೇನು ಮಾಡತ್ತೆ. ಆದ್ರೆ 510 ಬಾಯಿಪಾಠ ಮಾಡೋ ಅಗತ್ಯವೇ ಇಲ್ಲ, ಗುರುತುಗಳು ಗೊತ್ತಾದ್ರೆ ಸಾಕು. ನಮ್ಮ ಕಾಲದಲ್ಲಿ ತಲೆಕಟ್ಟು ಕ, ಇಳಿ ಕಾ, ಗುಡಿಸು ಕಿ, ಕೊಂಬು ಕು, ವಟ್ರಸುಳಿ ಕೃ ಅಂತ ಹೇಳಿಸ್ತಿದ್ರಲ್ಲ, ಅದು ಸುಮ್ನೆ ಹಾಡಲ್ಲ, ಆ ಗುರುತುಗಳ ಹೆಸರು. ಒಂದು ವಾರ ಬರೀ ಗುಡಿಸು ಹಿಡ್ಕೊಳ್ಳಿ. ಗಿಣಿ, ಬಿಸಿ, ಮರಿ, ಸಿಹಿ ಅಂತ ಸಿಕ್ಕಿದ್ದೆಲ್ಲ. ಮುಂದಿನ ವಾರ ಕೊಂಬು. ಕೊಂಬಲ್ಲಿ ಒಂದು ತಮಾಷೆ ಇದೆ, ಎಲ್ಲಾ ಅಕ್ಷರಕ್ಕೂ ಕೊಂಬು ಪಕ್ಕಕ್ಕೆ ಬರತ್ತೆ, ವು, ಪು, ಫುಗೆ ಮಾತ್ರ ಕೆಳಕ್ಕೆ ಇಳಿಯತ್ತೆ, ಯಾಕೆ ಅಂತ ಮಗಳನ್ನೇ ಕೇಳಿ. ವ ಪಕ್ಕಕ್ಕೆ ಕೊಂಬು ಹಾಕಿದ್ರೆ ಅದು ಮ ಆಗ್ಬಿಡತ್ತಲ್ಲ! ಇಂಥದ್ದು ಕಂಡು ಹಿಡಿದ ಮಗು ಮರೆಯಲ್ಲ.

ಒತ್ತಕ್ಷರಕ್ಕೂ ಹಾಗೇ, ಹೆದರ್ಬೇಡಿ. ತ ನ ಮ ಯ ರ ಲ, ಈ ಆರರ ಒತ್ತು ಬೇರೆ ರೂಪ, ಅವನ್ನ ಪ್ರತ್ಯೇಕವಾಗಿ ಕಲೀಬೇಕು, ಮಿಕ್ಕವೆಲ್ಲ ಹೆಚ್ಚು ಕಮ್ಮಿ ತಲೆಕಟ್ಟು ತೆಗೆದ ಅದೇ ಅಕ್ಷರ. ಮಕ್ಕಳು ಎಡವೋದು ಇನ್ನೊಂದು ಕಡೆ. ಕತ್ತಿ ಅಂತ ಹೇಳುವಾಗ ಎರಡು ತಕಾರ ಆದ್ಮೇಲೆ ಇ ಕೇಳತ್ತೆ, ಬರೆಯುವಾಗ ಮಾತ್ರ ಗುಡಿಸು ಮೇಲಿನ ತಗೆ ಬಂದು ಆಮೇಲೆ ಒತ್ತು ಕೆಳಗೆ ಬರತ್ತೆ. ಅರ್ಕಾವೊತ್ತು ಇನ್ನೂ ಮೋಸ, ಸೂರ್ಯ ಅನ್ನುವಾಗ ರ್ ಮೊದಲು ಕೇಳತ್ತೆ, ಗುರುತು ಹಾಕೋದು ಯ ಆದ್ಮೇಲೆ. ಮಗು ತಪ್ಪು ಮಾಡಿದ್ರೆ ಅದು ಕಿವಿಯಲ್ಲಿ ಕೇಳಿದ್ದನ್ನ ಸರಿಯಾಗೇ ಬರೆದಿದೆ ಅಂತ ತಿಳ್ಕೊಳ್ಳಿ, ಬೈಬೇಡಿ, ಇಲ್ಲಿ ನಮ್ಮ ಲಿಪಿದು ಹೀಗೊಂದು ರೂಲ್ ಅಂತ ಹೇಳಿ.

ಇನ್ನು ಬೋರ್ಡ್ ಓದೋದು. ಬೆಂಗಳೂರಲ್ಲಿ ಅದಕ್ಕೇನು ಬರ, ಬಿಎಂಟಿಸಿ ಬಸ್ಸಿನ ಬೋರ್ಡು, ಮೆಟ್ರೋ ಸ್ಟೇಷನ್ ಹೆಸರು, ಹಾಲಿನ ಪ್ಯಾಕೆಟ್ ಮೇಲೆ ನಂದಿನಿ. ಓದು ಅಂತ ಪರೀಕ್ಷೆ ಮಾಡ್ಬೇಡಿ, "ಇದ್ರಲ್ಲಿ ನಿನ್ನ ಹೆಸರಿನ ಅಕ್ಷರ ಇದ್ಯಾ ನೋಡು" ಅನ್ನಿ. ಮನೇಲಿ ಸಾಮಾನು ಚೀಟಿ ಅವಳ ಕೈಲಿ ಬರೆಸಿ, ಬೇಳೆ, ಸಾಸಿವೆ, ರವೆ. ರವೆ ಬದಲು ರವ ಬರೆದ್ರೂ ಅಂಗಡಿಗೆ ಅದೇ ಚೀಟಿ ತಗೊಂಡು ಹೋಗಿ, ಅವಳ ಎದುರಿಗೇ ಅಂಗಡಿಯವರಿಗೆ ಕೊಡಿ. ತಾನು ಬರೆದದ್ದನ್ನ ಓದಿ ಯಾರೋ ಒಬ್ರು ಡಬ್ಬದಿಂದ ರವೆ ತೆಗೆದು ಕೊಟ್ರಲ್ಲ, ಆ ಮಗುಗೆ ಬರಹ ಅಂದ್ರೆ ಏನು ಅಂತ ಅವತ್ತು ಗೊತ್ತಾಗತ್ತೆ.

ನಮ್ಮ ಹುಡುಗ ಐದು ವರ್ಷ, ಎಡಗೈಲಿ ಬರೀತಾನೆ. ಅತ್ತೆಯವರು ಬಲಗೈಗೆ ರೂಢಿ ಮಾಡಿಸು ಅಂತ ದಿನಾ ಜಗಳ. ಏನ್ ಮಾಡ್ಲಿ? - ದಾವಣಗೆರೆ

ಏನೂ ಮಾಡ್ಬೇಡಿ, ಎಡಗೈಲೇ ಬರೀಲಿ. ಪುಸ್ತಕದ ಮೇಲ್ತುದಿ ಸ್ವಲ್ಪ ಬಲಗಡೆಗೆ ವಾಲೋ ಹಾಗೆ ಇಟ್ಕೊಡಿ, ಪೆನ್ಸಿಲ್ ತುದಿಯಿಂದ ಒಂದಿಂಚು ಮೇಲೆ ಹಿಡೀಲಿ, ಇಲ್ದಿದ್ರೆ ಬರೆದದ್ದು ಅವನ ಕೈಗೇ ಮರೆಯಾಗತ್ತೆ, ಅಂಗೈಗೆಲ್ಲ ಮಸಿ ಬೇರೆ. ಸ್ಕೂಲಲ್ಲಿ ಬೆಂಚಿನ ಎಡ ತುದೀಲಿ ಕೂರಿಸೋಕೆ ಹೇಳಿ, ಪಕ್ಕದವನ ಮೊಣಕೈ ತಾಗಲ್ಲ. ಅತ್ತೆಯವರಿಗೆ ಊಟ ಪ್ರಸಾದ ಬಲಗೈಲೇ ಮಾಡ್ತಾನೆ ಅಂತ ಒಂದು ರಾಜಿ ಮಾಡ್ಕೊಳ್ಳಿ, ಮನೆ ಶಾಂತಿನೂ ಮುಖ್ಯ.

ಐದು ವರ್ಷ ಅಂದಿದ್ದಕ್ಕೆ ಇನ್ನೊಂದು ಮಾತು. ಈ ವಯಸ್ಸಲ್ಲಿ ಬೆರಳಿಗೆ ಇನ್ನೂ ಬಲ ಬಂದಿರಲ್ಲ, ಬರೆಸೋದಕ್ಕಿಂತ ಕೈಗೆ ಕೆಲಸ ಕೊಡಿ. ಅವರೆಕಾಯಿ ಕಾಲದಲ್ಲಿ ಹಿತುಕಿದ ಬೇಳೆ ಮಾಡುವಾಗ ಒಂದು ಬಟ್ಟಲು ಅವನಿಗೂ ಇಡಿ, ಹೆಬ್ಬೆರಳು ತೋರುಬೆರಳು ಎರಡಕ್ಕೂ ಅದಕ್ಕಿಂತ ಎಕ್ಸರ್ಸೈಜ್ ಬೇಡ. ಚಪಾತಿ ಹಿಟ್ಟು ನಾದೋದು, ಹೂ ಕಟ್ಟೋಕೆ ದಾರ ಹಿಡಿಯೋದು, ಚುಕ್ಕಿ ರಂಗೋಲಿ, ತಟ್ಟೇಲಿ ರವೆ ಹರಡಿ ಬೆರಳಲ್ಲಿ ದುಂಡು ಎಳೆಯೋದು. ಕನ್ನಡದ ಅಕ್ಷರಗಳಿಗೆ ಬೇಕಾಗಿರೋದು ದುಂಡೇ ತಾನೇ.

ನಮಸ್ಕಾರ್ರೀ ಅಕ್ಕೋರ. ನಾ ಪೋಸ್ಟ್ ಆಫೀಸಿನ್ಯಾಗ ಇದ್ದು ರಿಟೈರ್ ಆಗೇನಿ. ಮೊಮ್ಮಗ ಮೂರನೇತ್ತ ಓದಾಕತ್ತಾನ. ರಜಾದಾಗ ಏನ್ ಮಾಡಿದಿ ಅಂತ ಬರಿ ಅಂದ್ರ "ಅಜ್ಜನ ಕೂಡ ಹೊಲಕ್ಕ ಹೋಗಿದ್ದೆ, ಅಜ್ಜ ಉಳ್ಳಾಗಡ್ಡಿ ಕಿತ್ತ ಕೊಟ್ಟ, ಕಣ್ಣಾಗ ನೀರ ಬಂತು" ಅಂತ ಬರದಾನ. ಸಾಲ್ಯಾಗ ಎಲ್ಲಾದಕ್ಕೂ ಕೆಂಪ ಗೆರಿ ಹೊಡದು ಈರುಳ್ಳಿ ಅಂತ ತಿದ್ದ್ಯಾರ. ಹುಡುಗ ಈಗ ಬರಿಯಾಕ ಒಲ್ಲೆ ಅಂತಾನ. ನಮ್ ಮಾತ ತಪ್ಪೇನ್ರಿ? - ಒಬ್ಬ ಅಜ್ಜ, ಧಾರವಾಡ

ಅಜ್ಜಾರೇ, ನಿಮ್ಮ ಮಾತು ತಪ್ಪಾದ್ರೆ ಧಾರವಾಡವೇ ತಪ್ಪು ಅನ್ನಬೇಕಾಗತ್ತೆ. ನಿಮ್ಮ ಮೊಮ್ಮಗ ಬರೆದ ಮೂರು ಸಾಲನ್ನ ನಾನು ನಮ್ಮ ಮನೆಯವರಿಗೆ ಓದಿ ಹೇಳಿದೆ, ಆ "ಕಣ್ಣಾಗ ನೀರ ಬಂತು" ಅನ್ನೋ ಕಡೆ ಅವರೂ ನಕ್ಕರು. ಮೂರನೇ ಕ್ಲಾಸಿನ ಹುಡುಗ ಹೊಲ, ಅಜ್ಜ, ಉಳ್ಳಾಗಡ್ಡಿ, ಕಣ್ಣೀರು ಎಲ್ಲಾ ಮೂರು ಸಾಲಲ್ಲಿ ತಂದಿದಾನೆ. ನಾನಾಗಿದ್ರೆ ಮೊದ್ಲು ಅದಕ್ಕೊಂದು ಶಭಾಷ್ ಹಾಕಿ ಆಮೇಲೆ ಪೆನ್ ತೆಗೀತಿದ್ದೆ.

ಆದ್ರೂ ಟೀಚರ್ ಕಷ್ಟ ನನಗೆ ಗೊತ್ತು, ಪರೀಕ್ಷೇಲಿ ಪುಸ್ತಕದ ಕನ್ನಡ ಬೇಕು. ಕನ್ನಡದಲ್ಲಿ ಇದೊಂದು ಇದ್ದೇ ಇದೆ, ಯಾರೂ ಮಾತಾಡೋ ಹಾಗೆ ಬರೆಯಲ್ಲ. ನಾನು ಮಾಡ್ತೀನಿ ಅಂತೀನಿ, ನೀವು ಮಾಡ್ತೇನಿ ಅಂತೀರಿ, ಮಂಗಳೂರಿನವರು ಮಾಡ್ತೇನೆ ಅಂತಾರೆ, ಪುಸ್ತಕ ಮಾತ್ರ ಮಾಡುತ್ತೇನೆ ಅನ್ನತ್ತೆ. ಅಂದ್ರೆ ಹಾಸನದ ಮಗೂಗೂ ಬರೆಯೋ ಭಾಷೆ ಹೊಸದೇ, ಧಾರವಾಡದ ಮಗುಗೆ ಮಾತ್ರ ಅಲ್ಲ. ಹಾಗಾಗಿ ಮನೇಲಿ ಹೀಗೆ ಮಾಡಿ: ಅವನಿಗೆ ಎರಡು ನೋಟ್‌ಬುಕ್ ಕೊಡ್ಸಿ. ಒಂದು ಅಜ್ಜ ಮೊಮ್ಮಗಂದು, ಅದ್ರಲ್ಲಿ ಅವನು ಮಾತಾಡೋ ಹಾಗೇ ಬರೀಲಿ, ಅದಕ್ಕೆ ಕೆಂಪು ಪೆನ್ ಮುಟ್ಟೋ ಹಾಗಿಲ್ಲ. ವಾರಕ್ಕೊಂದ್ಸಲ ಅದರಿಂದ ಎರಡೇ ಸಾಲು ತೆಗೆದು "ಇದನ್ನ ಸಾಲಿ ಭಾಷೆಗೆ ಮಾಡೋಣ ಬಾ" ಅಂತ ಇನ್ನೊಂದರಲ್ಲಿ ಬರೆಸಿ. ಹೊಲಕ್ಕ ಅನ್ನೋದು ಹೊಲಕ್ಕೆ, ಕಿತ್ತ ಕೊಟ್ಟ ಅನ್ನೋದು ಕಿತ್ತು ಕೊಟ್ಟರು. ತಿದ್ದೋದು ಬೇರೆ, ಬದಲಾಯಿಸೋದು ಬೇರೆ, ಹುಡುಗರಿಗೆ ಈ ಆಟ ಬಹಳ ಬೇಗ ಹತ್ತತ್ತೆ, ಆಮೇಲೆ ಅವನೇ ನಿಮಗೆ "ಅಜ್ಜಾ, ಇದು ಪುಸ್ತಕದ ಮಾತಲ್ಲ" ಅಂತ ಹೇಳ್ತಾನೆ ನೋಡ್ತಿರಿ. ಉಳ್ಳಾಗಡ್ಡಿ ಮಾತ್ರ ಉಳ್ಳಾಗಡ್ಡಿಯಾಗೇ ಇರ್ಲಿ, ಅದು ಕನ್ನಡ ಪದವೇ, ಬೇಕಾದ್ರೆ ನನ್ನ ಹೆಸರು ಹೇಳಿ.

ನೀವು ಪೋಸ್ಟ್ ಆಫೀಸಲ್ಲಿ ಇದ್ದವರು ಅಂದ್ರಿ. ಒಂದು ಹತ್ತು ಪೋಸ್ಟ್ ಕಾರ್ಡ್ ತಂದು ಅವನ ಹೆಸರಿಗೇ ಕಾಗದ ಹಾಕಿ, ಒಂದೇ ಮನೇಲಿದ್ರೂ ಪರವಾಗಿಲ್ಲ. ಉತ್ತರ ಬರೀದೆ ಇರ್ತಾನಾ ನೋಡೋಣ.

ನನ್ ಮಗ ನಾಲ್ಕನೇ ಕ್ಲಾಸು. ಹಾಲು ಅನ್ನೋದನ್ನ ಆಲು, ಹಕ್ಕಿ ಹಾರಿತು ಅನ್ನೋದನ್ನ ಅಕ್ಕಿ ಆರಿತು ಅಂತ ಬರೀತಾನೆ. ಎಷ್ಟ್ ಸಲ ಹೇಳ್ಕೊಟ್ರೂ ಅಷ್ಟೆ. - ಮಂಡ್ಯ ಕಡೆಯವರು

ಇದನ್ನ ಓದಿ ನಗು ಬಂತು, ಯಾಕಂದ್ರೆ ನಮ್ಮ ಹಾಸನ ಜಿಲ್ಲೇಲೂ ಊರಿನ ಹೆಸರನ್ನೇ ಆಸನ ಅನ್ನೋರು ಇದಾರೆ. ನೀವು ಮನೇಲಿ ಹ ಹೇಳ್ತೀರಾ? ಒಂದ್ಸಲ ಕಿವಿಗೊಟ್ಟು ಕೇಳ್ಕೊಳ್ಳಿ, ಮನೇಲಿ ಇಲ್ಲದ ಹ ಮಗುವಿನ ಪೆನ್ಸಿಲ್‌ಗೆ ಎಲ್ಲಿಂದ ಬರ್ಬೇಕು. ಹಾಗಂತ ನಾಚ್ಕೋಬೇಡಿ. ಹಳಗನ್ನಡದಲ್ಲಿ ಅದು ಪಾಲ್, ಪಕ್ಕಿ, ಪುಲಿ. ಆ ಪ ಸವೆದು ಹ ಆಗಿ ಹಾಲು, ಹಕ್ಕಿ, ಹುಲಿ ಆಯ್ತು, ತಮಿಳಿನವರು ಇನ್ನೂ ಪಾಲ್ ಅಂತಾನೇ ಅಂತಾರೆ. ನಿಮ್ಮ ಮಗ ಇನ್ನೊಂದು ಹೆಜ್ಜೆ ಮುಂದೆ ಹೋಗಿದಾನೆ ಅಷ್ಟೆ.

ಬರೆಸಿ ಬರೆಸಿ ಇದು ಸರಿಯಾಗಲ್ಲ, ಇದು ಕಿವಿ ಮತ್ತೆ ಬಾಯಿಯ ಕೆಲಸ. ಅಂಗೈಯನ್ನ ಬಾಯಿ ಮುಂದೆ ಇಟ್ಕೊಂಡು ಅಕ್ಕಿ, ಹಕ್ಕಿ ಅನ್ನೋಕೆ ಹೇಳಿ, ಹ ಬಂದಾಗ ಬಿಸಿ ಗಾಳಿ ತಾಗತ್ತೆ. ಆಡು ಹಾಡು, ಉಳಿ ಹುಳಿ, ಅಲ್ಲಿ ಹಲ್ಲಿ, ಆರು ಹಾರು, ಇಂಥ ಜೋಡಿ ಮಾಡಿ ಒಬ್ಬರು ಹೇಳೋದು ಇನ್ನೊಬ್ರು ಚಿತ್ರ ತೋರಿಸೋದು. ಎರಡು ವಾರ ಬರೀ ಆಟ, ಪೆನ್ಸಿಲ್ ಬೇಡ. ಮಧ್ಯೆ ಒಂದಷ್ಟು ದಿನ "ಹಾನೆ ಬಂತು" ಅಂತ ಇಲ್ಲದ ಕಡೆನೂ ಹ ಹಾಕ್ತಾನೆ, ಅದು ಕಲೀತಿರೋದರ ಗುರುತು, ಆಗ ಮಾತ್ರ ದಯವಿಟ್ಟು ನಗಬೇಡಿ. ಲ ಳ, ನ ಣ, ಶ ಸ ಗಲಿಬಿಲಿಗೂ ಇದೇ ಮದ್ದು. ಮಹಾಪ್ರಾಣದ್ದು ಅಷ್ಟು ತಲೆ ಕೆಡಿಸ್ಕೋಬೇಡಿ, ಧನ ದನ ಎರಡರ ವ್ಯತ್ಯಾಸ ಗೊತ್ತಾದ್ರೆ ಸದ್ಯಕ್ಕೆ ಸಾಕು, ಮಿಕ್ಕಿದ್ದು ಓದ್ತಾ ಓದ್ತಾ ಬರತ್ತೆ.

ಫೋನಲ್ಲಿ ಮೈಕ್ ಒತ್ತಿ ಮಾತಾಡಿದ್ರೆ ಕನ್ನಡದಲ್ಲೇ ಟೈಪ್ ಆಗತ್ತೆ. ಮಗಳು ಹೋಂವರ್ಕ್ ಹಾಗೇ ಮಾಡಿ ನೋಡ್ಕೊಂಡು ಕಾಪಿ ಮಾಡ್ತಾಳೆ. ಬಿಡ್ಬಹುದಾ? - ಮೈಸೂರು

ಹೋಂವರ್ಕ್‌ಗೆ ಬೇಡ. ಆದ್ರೆ ಕಳ್ಳತನ ಅಂತಲೂ ನೋಡ್ಬೇಡಿ, ಒಳ್ಳೆ ಬುದ್ಧಿವಂತೆ. ಅವಳು ಹೇಳಿದ್ದನ್ನ ಫೋನು ಎಲ್ಲೆಲ್ಲಿ ತಪ್ಪಾಗಿ ಬರೆದಿದೆ ಅಂತ ಹುಡುಕೋ ಕೆಲಸ ಕೊಡಿ, ತಪ್ಪಿಗೊಂದು ಕಡಲೆಕಾಯಿ. ಫೋನಿನ ಉತ್ತರಪತ್ರಿಕೆ ತಿದ್ದೋ ಟೀಚರ್ ಆಗೋಕೆ ಯಾವ ಮಗು ಬೇಡ ಅನ್ನತ್ತೆ.

ಮಗ ಐದನೇ ಕ್ಲಾಸು, ಪ್ರಬಂಧ ಅಂದ್ರೆ ಗೈಡ್ ನೋಡಿ ಬಾಯಿಪಾಠ ಮಾಡ್ತಾನೆ. ಸ್ವಂತ ಬರಿ ಅಂದ್ರೆ ಎರಡು ಸಾಲು ಬರೆದು "ಮುಗೀತು" ಅಂತಾನೆ. ಮಾತು ನೋಡಿದ್ರೆ ಮೂರು ಜನದ್ದು ಆಡ್ತಾನೆ. - ತುಮಕೂರು

ಇದಕ್ಕೆ ನಮ್ಮ ಸ್ಕೂಲಿನ ಒಂದು ಕಥೆ ಹೇಳ್ಬೇಕು. ತಿಪಟೂರು ಹತ್ರ ಒಂದು ಹಳ್ಳಿ ಸ್ಕೂಲಲ್ಲಿದ್ದೆ. ಒಂದಿನ ಒಬ್ಬ ಹುಡುಗ ಕ್ಲಾಸಿಗೆ ಲೇಟಾಗಿ ಬಂದ, ಯಾಕೋ ಅಂದ್ರೆ ರಾತ್ರಿ ಹಸು ಕರು ಹಾಕ್ತು ಮಿಸ್ ಅಂತ ಶುರು ಮಾಡಿ, ಕರೆಂಟ್ ಇರ್ಲಿಲ್ಲ, ಅವರಪ್ಪ ಟಾರ್ಚ್ ಹಿಡಿ ಅಂದ್ರು, ಕೈ ನಡುಗ್ತಿತ್ತು, ಕರು ಮೊದಲು ಕಾಲು ಹೊರಗೆ ಹಾಕ್ತು, ಎದ್ದು ನಿಲ್ಲೋಕೆ ಹೋಗಿ ಮೂರು ಸಲ ಬಿತ್ತು, ಬೆಳಿಗ್ಗೆ ಅಮ್ಮ ಗಿಣ್ಣು ಮಾಡ್ತೀನಿ ಅಂದಿದಾಳೆ ಅಂತ ಉಸಿರು ಬಿಡದೆ ಹೇಳ್ದ. ಇಡೀ ಕ್ಲಾಸು ಬಾಯಿ ಬಿಟ್ಕೊಂಡು ಕೇಳ್ತು. ನನಗೂ ಖುಷಿಯಾಗಿ ಅವತ್ತು ಎಲ್ಲರಿಗೂ ಹಸುವಿನ ಬಗ್ಗೆ ಬರೀರಿ ಅಂದೆ. ಅವನು ಏನು ಬರೆದ ಗೊತ್ತಾ? "ಹಸು ಒಂದು ಸಾಕು ಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಅದು ಹಾಲು ಕೊಡುತ್ತದೆ." ಯಾಕೋ ಬೆಳಿಗ್ಗೆ ಹೇಳಿದ್ಯಲ್ಲ ಅದನ್ನ ಬರೀಬಾರ್ದಾ ಅಂದೆ. ಹುಡುಗ ಕಣ್ಣರಳಿಸಿ ಕೇಳ್ದ, "ಅದೂ ಬರೆಯೋದಾ ಮಿಸ್?"

ಆ ಮಾತು ನನ್ನನ್ನ ಇನ್ನೂ ಬಿಟ್ಟಿಲ್ಲ. ಆಗ ನನಗೆ ಹದಿನೈದು ವರ್ಷ ಸರ್ವೀಸ್ ಆಗಿತ್ತು, ಅಷ್ಟೂ ವರ್ಷ ನಾನೇ ಮಕ್ಕಳಿಗೆ, ಬಾಯಲ್ಲಿ ಬರೋದು ಒಂದು, ಪುಸ್ತಕಕ್ಕೆ ಬರೆಯೋದು ಇನ್ನೊಂದು ಅಂತ ಕಲಿಸಿದ್ದೆ ಅಂತಾಯ್ತಲ್ಲ. ನಿಮ್ಮ ಮಗನ ಕಾಯಿಲೆ ಇದೇ. ಅವನ ಹತ್ರ ಮಾತಿದೆ, ಅದು ಬರೆಯೋಕೆ ಲಾಯಕ್ಕು ಅಂತ ಅವನಿಗೆ ಯಾರೂ ಹೇಳಿಲ್ಲ.

ಮೊದ್ಲು ಅವನು ಹೇಳ್ಲಿ, ನೀವು ಬರೀರಿ. ಹೌದು, ನೀವು ಬರೀರಿ. ಅವನು ಆಡಿದ ಹಾಗೇ, ಒಂದು ಪದ ಬದಲಾಯಿಸದೆ. ಆಮೇಲೆ ಓದಿ ಹೇಳಿ. "ಇದು ನಾನು ಹೇಳಿದ್ದಾ?" ಅಂತಾನೆ, ಎರಡು ಕಡೆ ಅವನೇ ತಿದ್ದಿಸ್ತಾನೆ. ಒಂದು ತಿಂಗಳು ಹೀಗೆ ಮಾಡಿ, ಆಮೇಲೆ ಅರ್ಧ ಹೇಳಿದ ಮೇಲೆ "ಒಲೆ ಮೇಲೆ ಸಾರಿದೆ, ಮಿಕ್ಕಿದ್ದು ನೀನೇ ಬರಿ" ಅಂತ ಎದ್ದು ಹೋಗಿ. ಮೋಸವೇ, ಆದ್ರೆ ಕೆಲಸ ಮಾಡತ್ತೆ. ಮತ್ತೆ ವಿಷಯ ಕೊಡುವಾಗ ನನ್ನ ಶಾಲೆ, ನನ್ನ ಮೆಚ್ಚಿನ ಹಬ್ಬ ಅಂತ ಕೊಡ್ಬೇಡಿ, ಅದಕ್ಕೆಲ್ಲ ಗೈಡಲ್ಲಿ ಉತ್ತರ ಇದೆ. ನಿನ್ನೆ ಬಸ್‌ಸ್ಟ್ಯಾಂಡಲ್ಲಿ ಏನೇನು ವಾಸನೆ ಬಂತು, ಅಜ್ಜ ನಿದ್ದೇಲಿ ಹೇಗೆ ಗೊರಕೆ ಹೊಡೀತಾರೆ, ತಂಗಿ ಜೊತೆ ಜಗಳ ಯಾವುದಕ್ಕೆ ಶುರುವಾಯ್ತು, ಯಾರದು ತಪ್ಪು. ಈ ಕೊನೇದಕ್ಕಂತೂ ನೋಟ್‌ಬುಕ್ ತುಂಬಾ ಬರೀತಾನೆ, ನ್ಯಾಯದ ಪ್ರಶ್ನೆ ಅಲ್ವಾ.

ತಿದ್ದುವಾಗ ಒಂದು ಸಲಕ್ಕೆ ಒಂದೇ ಥರದ ತಪ್ಪು ಹಿಡೀರಿ. ಈ ವಾರ ಬರೀ ದೀರ್ಘ, ಮುಂದಿನ ವಾರ ಒತ್ತು. ಎಲ್ಲಾ ಒಟ್ಟಿಗೆ ತಿದ್ದಿದ್ರೆ ಪೇಜು ಕೆಂಪಾಗತ್ತೆ, ಹುಡುಗ ಮತ್ತೆ ನಾಲ್ಕು ಕಾಲುಗಳಿವೆಗೇ ಹೋಗ್ತಾನೆ.

ಟೀಚರ್, ಮಗನಿಗೆ ಒಂಬತ್ತು ವರ್ಷ. ಬಾಯಲ್ಲಿ ಕೇಳಿದ್ರೆ ಪಾಠ ಎಲ್ಲಾ ಹೇಳ್ತಾನೆ, ಬರೆಯೋಕೆ ಕೂತ್ರೆ ಅಕ್ಷರ ಬಿಡ್ತಾನೆ, ಒಂದೇ ಪದನ ಒಂದೇ ಪೇಜಲ್ಲಿ ಮೂರು ಥರ ಬರೀತಾನೆ, ಬೋರ್ಡ್ ನೋಡಿ ಬರೆದ್ರೂ ತಪ್ಪು. ಇಂಗ್ಲಿಷಲ್ಲೂ ಹಾಗೇ. ಅವರಪ್ಪ ಸೋಮಾರಿ ಅಂತ ಹೊಡೀತಾರೆ. - ಶಿವಮೊಗ್ಗ ಜಿಲ್ಲೆ

ಮೊದ್ಲು ಹೊಡೆಯೋದು ನಿಲ್ಲಬೇಕು, ಈ ಪುಟ ಅವರಪ್ಪನಿಗೆ ತೋರ್ಸಿ.

ಒಂದು ಎರಡನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪಿಸಿದ್ರೆ ನಾನು ಕಾಯಿರಿ ಅಂತೀನಿ. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದಿನ ಮೇಲೆ ಸೋನಾಲಿ ನಾಗ್ ಅವರು ಮಾಡಿದ ಅಧ್ಯಯನದಲ್ಲೂ, ಇಂಗ್ಲಿಷ್ ಅಕ್ಷರಕ್ಕೆ ಹೋಲಿಸಿದ್ರೆ ನಮ್ಮ ಅಕ್ಷರಗಳು ಪೂರ್ತಿ ಕೈವಶ ಆಗೋಕೆ ಮಕ್ಕಳಿಗೆ ಹೆಚ್ಚು ವರ್ಷ ಹಿಡಿಯತ್ತೆ ಅಂತ ಕಂಡಿದೆ. ಆದ್ರೆ ನಿಮ್ಮ ಮಗಂದು ಬೇರೆ ಥರ ಕಾಣ್ತಿದೆ. ಬುದ್ಧಿ ಚುರುಕಿದೆ, ಬಾಯಲ್ಲಿ ಹೇಳ್ತಾನೆ, ಎರಡು ಭಾಷೇಲೂ ಬರಹದಲ್ಲೇ ತೊಡಕು, ಇಷ್ಟು ದಿನವಾದ್ರೂ ಹೋಗಿಲ್ಲ. ಮೊದ್ಲು ಕಣ್ಣು ಕಿವಿ ಎರಡೂ ಟೆಸ್ಟ್ ಮಾಡ್ಸಿ, ಬೋರ್ಡೇ ಕಾಣದ ಎಷ್ಟೋ ಮಕ್ಕಳು ನಮ್ಮ ಹತ್ರ ದಡ್ಡರು ಅಂತ ಅನ್ನಿಸ್ಕೊಂಡಿದಾರೆ. ಅದು ಸರಿ ಇದ್ರೆ ಕಲಿಕಾ ನ್ಯೂನತೆ ಅಂತಾರಲ್ಲ, ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಅದನ್ನ ಪರೀಕ್ಷೆ ಮಾಡಿಸಬೇಕು. ನಾನು ಕಾಗದ ಓದಿ ಇದು ಹೀಗೇ ಅಂತ ಹೇಳೋ ಹಾಗಿಲ್ಲ, ಹೇಳ್ಬಾರ್ದು ಕೂಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆ, 1965ರಿಂದ ಇದೆ, ಅಲ್ಲಿ ಕನ್ನಡದಲ್ಲೇ ನೋಡ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಬೇರೆಯೇ ಇದೆ. ಹುಚ್ಚಾಸ್ಪತ್ರೆಗೆ ಕರ್ಕೊಂಡು ಹೋದ್ರು ಅಂತ ನೆಂಟರು ಏನಾದ್ರೂ ಅಂದ್ಕೊಳ್ಳಲಿ, ಕಿವಿ ಮೇಲೆ ಹಾಕ್ಕೋಬೇಡಿ.

2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಈ ಕಲಿಕಾ ನ್ಯೂನತೆನೂ ಸೇರಿದೆ, ಸರ್ಟಿಫಿಕೇಟ್ ಇದ್ರೆ ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಟೈಮ್ ಥರದ ರಿಯಾಯಿತಿ ಕೇಳಬಹುದು. ಅಲ್ಲೀವರೆಗೆ ಮನೇಲಿ ಬರೆಸೋದು ಕಮ್ಮಿ ಮಾಡಿ, ನೀವು ಓದಿ ಹೇಳೋದು ಜಾಸ್ತಿ ಮಾಡಿ. ದಿನಾ ರಾತ್ರಿ ಒಂದು ಕಥೆ. ಒಂಬತ್ತು ವರ್ಷಕ್ಕೆ ಕಥೆ ಕೇಳೋ ವಯಸ್ಸು ಮುಗಿಯಲ್ಲ. ಅವರಪ್ಪನೇ ಓದಿದ್ರೆ ಇನ್ನೂ ಒಳ್ಳೇದು.

ನಮಸ್ತೆ. ನಮ್ಮದು ತುಳು ಮನೆ, ಮಗಳು ಇಂಗ್ಲಿಷ್ ಮೀಡಿಯಮ್‌ನಲ್ಲಿ ಒಂದನೆಯ ಕ್ಲಾಸು. ಮನೆಯಲ್ಲಿ ತುಳು ಬಿಟ್ಟು ಕನ್ನಡವೇ ಮಾತಾಡಿ, ಆಗ ಬೇಗ ಕಲಿಯುತ್ತಾಳೆ ಅಂತ ಶಾಲೆಯಲ್ಲಿ ಹೇಳ್ತಾರೆ. ಹಾಗೆ ಮಾಡಬೇಕಾ ಮಾರಾಯ್ರೆ? - ಪುತ್ತೂರು

ಬೇಡ. ಖಂಡಿತ ಬೇಡ. ಮಗುವಿಗೆ ಒಂದು ಭಾಷೆ ಗಟ್ಟಿಯಾಗಿದ್ರೆ ಇನ್ನೊಂದು ಅದರ ಮೇಲೆ ಕೂರತ್ತೆ, ಇರೋದನ್ನ ಕಿತ್ತು ಹೊಸದು ನೆಡೋಕೆ ಇದೇನು ತೆಂಗಿನ ಸಸಿಯಲ್ಲ. ನಿಮಗೊಂದು ಅನುಕೂಲ ಇದೆ, ತುಳುವನ್ನ ಈಗ ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯೋದು. ಹಾಗಾದ್ರೆ ಮಗಳು ಪುಚ್ಚೆ, ಕೋರಿ, ನೀರ್ ಅಂತ ತನಗೆ ಗೊತ್ತಿರೋ ತುಳು ಪದವನ್ನೇ ಕನ್ನಡ ಅಕ್ಷರದಲ್ಲಿ ಬರೀಲಿ! ಪುಚ್ಚೆಯಲ್ಲಿ ಕೊಂಬೂ ಬಂತು, ಒತ್ತೂ ಬಂತು, ಏತ್ವವೂ ಬಂತು. ಲಿಪಿ ಕಲಿತ ಮೇಲೆ ಕನ್ನಡದ ಬೆಕ್ಕು ತಾನಾಗೇ ಬರತ್ತೆ. ಕೊಂಕಣಿ, ಬ್ಯಾರಿ, ಕೊಡವ ಮನೆಯವರೂ ಕೇಳಿದಾರೆ, ಅವರಿಗೂ ಇದೇ ಉತ್ತರ.

ನಾವು ನ್ಯೂಜೆರ್ಸಿಯಲ್ಲಿದೀವಿ. ಮಗಳಿಗೆ ಎಂಟು. ಕನ್ನಡ ಅರ್ಥ ಆಗತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲೇ. ಭಾನುವಾರದ ಕನ್ನಡ ಕ್ಲಾಸಿಗೆ ಕಳಿಸ್ತೀವಿ, ಅಕ್ಷರ ಕಲೀತಾಳೆ, ಮುಂದಿನ ಭಾನುವಾರಕ್ಕೆ ಮರೀತಾಳೆ. "ವೈ ಡು ಐ ನೀಡ್ ದಿಸ್" ಅಂತಾಳೆ. ಮೈಸೂರಲ್ಲಿರೋ ನಮ್ಮಮ್ಮನಿಗೆ ಮೊಮ್ಮಗಳ ಜೊತೆ ಮಾತಾಡೋಕೆ ಇಂಗ್ಲಿಷ್ ಬರಲ್ಲ. ಏನಾದ್ರೂ ದಾರಿ ಇದ್ಯಾ?

ಅವಳ ಪ್ರಶ್ನೆ ನ್ಯಾಯವಾಗೇ ಇದೆ. ಯಾಕೆ ಬೇಕು ಅನ್ನೋದಕ್ಕೆ ಸಂಸ್ಕೃತಿ, ಬೇರು ಅಂತ ಎಂಟು ವರ್ಷದ ಮಗುಗೆ ಭಾಷಣ ಮಾಡಿದ್ರೆ ಕೇಳಲ್ಲ. ಉತ್ತರ ನಿಮ್ಮ ಕಾಗದದಲ್ಲೇ ಇದೆ, ಇಂಗ್ಲಿಷ್ ಬರದ ಅಜ್ಜಿ. ಆ ಅಜ್ಜಿಗೆ ಅಪ್ಪಿತಪ್ಪಿ ಯಾರೂ ಇಂಗ್ಲಿಷ್ ಕಲಿಸ್ಬೇಡಿ.

ಅಜ್ಜಿ ಹತ್ರ ಮಾತ್ರ ಇರೋ ಏನಾದ್ರೂ ಒಂದು ಮಗಳಿಗೆ ಬೇಕಾಗಬೇಕು. ಚಕ್ಕುಲಿ ಅಂದ್ರೆ ಇಷ್ಟನಾ? ನಿಮ್ಮ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ ಅಂದ್ರೆ ಬೇಸಿಗೇಲಿ ಇಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ವಿಡಿಯೋ ಕಾಲ್ ಹಾಕಿ, ಅಜ್ಜಿ ಚಕ್ಕುಲಿ ಮಾಡೋದು ಹೇಳ್ಲಿ, ಮಗಳು ಬರ್ಕೊಳ್ಲಿ. ಅಕ್ಕಿ ಹಿಟ್ಟು ಎಷ್ಟು, ಉದ್ದಿನ ಹಿಟ್ಟು ಎಷ್ಟು, ಎಳ್ಳು, ಓಮ, ಬೆಣ್ಣೆ. ನಾವು ಸ್ಕೂಲಲ್ಲಿ ಉಕ್ತಲೇಖನ ಅಂತ ಮಾಡಿಸ್ತಿದ್ವಲ್ಲ ಅದೇ ಇದು, ವ್ಯತ್ಯಾಸ ಏನಂದ್ರೆ ತಪ್ಪು ಬರೆದ್ರೆ ಮಾರ್ಕ್ಸ್ ಹೋಗಲ್ಲ, ಚಕ್ಕುಲಿ ಎಣ್ಣೇಲಿ ಬಿಟ್ಕೊಳ್ಳತ್ತೆ. ನೀವು ಮಧ್ಯೆ ಬಂದು ಅನುವಾದ ಮಾಡ್ಬೇಡಿ, ಬಾಣಲಿ ಅಂದ್ರೇನು ಅಂತ ಅವಳೇ ಅಜ್ಜಿನ ಕೇಳ್ಲಿ, ಅಜ್ಜಿ ಎತ್ತಿ ತೋರಿಸ್ಲಿ. ಮೊದಮೊದಲು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರ್ಕೊಂಡ್ರೆ ಬರ್ಕೊಳ್ಲಿ, ಇಂಥ ಚೀಟಿಯನ್ನ ಅಜ್ಜಿ ಓದೋಕಾಗಲ್ಲ ಅಂತ ಗೊತ್ತಾದ ದಿನ ಅಕ್ಷರ ಕಲಿಯೋಕೆ ಅವಳಿಗೇ ಕಾರಣ ಸಿಗತ್ತೆ.

ಓದೋಕೆ ಅಂತ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ವೆಬ್‌ಸೈಟ್ ಇದೆ, ಕನ್ನಡ ಕಥೆಗಳು ಫ್ರೀ, 1ರಿಂದ 4ರವರೆಗೆ ಲೆವೆಲ್ ಹಾಕಿದಾರೆ. ಅವಳು ಇಂಗ್ಲಿಷಲ್ಲಿ ದಪ್ಪ ಪುಸ್ತಕ ಓದ್ತಾಳೆ ಅಂತ ಮೇಲಿನ ಲೆವೆಲ್ ಕೊಡ್ಬೇಡಿ, ಒಂದನೇ ಲೆವೆಲ್ಲೇ ಇರ್ಲಿ. ಅದೇ ಪುಸ್ತಕ ಅಜ್ಜಿ ಫೋನಿಗೂ ಕಳಿಸಿ, ಒಂದು ಪೇಜ್ ಅಜ್ಜಿ ಒಂದು ಪೇಜ್ ಮೊಮ್ಮಗಳು. ಅಜ್ಜಿಗೆ ಕನ್ನಡಕ ಸಿಗ್ಲಿಲ್ಲ ಅನ್ನೋ ನೆಪ ಆಗಾಗ ಬಂದ್ರೆ ಮೊಮ್ಮಗಳೇ ಎರಡೂ ಪೇಜ್ ಓದ್ಬೇಕಾಗತ್ತೆ, ಇದನ್ನ ನಿಮ್ಮಮ್ಮನಿಗೆ ಗುಟ್ಟಾಗಿ ಹೇಳಿಡಿ.

ಹಬ್ಬಕ್ಕೆ ಒಂದು ಕಾಗದನೂ ಬರೆಸಿ, ಕವರಲ್ಲಿ ಹಾಕಿ ಪೋಸ್ಟೇ ಮಾಡಿ, ಫೋಟೋ ತೆಗೆದು ವಾಟ್ಸಾಪ್ ಮಾಡ್ಬೇಡಿ. ಬರೋದು ಲೇಟಾಗತ್ತೆ, ಆಗ್ಲಿ. "ಅಜ್ಜಿ ನಾನು ಚಕುಲಿ ಮಡಿದೆ" ಅಂತ ಇರತ್ತೆ ಅದ್ರಲ್ಲಿ, ಒತ್ತೂ ಇಲ್ಲ ದೀರ್ಘವೂ ಇಲ್ಲ. ನಿಮ್ಮಮ್ಮನಿಗೆ ಮೊದಲೇ ಹೇಳ್ಬಿಡಿ, ಚಕುಲಿಗೆ ಒತ್ತು ಹಾಕಿ ವಾಪಸ್ ಕಳಿಸೋದು ಬೇಡ, ರುಚಿ ಹೇಗಿತ್ತು, ಎಷ್ಟು ಸುಟ್ಟು ಹೋಯ್ತು ಅಂತ ಕೇಳಿ ಉತ್ತರ ಬರೀಲಿ ಅಂತ. ಒತ್ತು ಹಾಕೋಕೆ ಭಾನುವಾರದ ಕ್ಲಾಸ್ ಇದ್ಯಲ್ಲ.